ಮಾತಿನಕ್ಕ ಆಡಬಾರದಿದ್ದ ಮಾತು

ನಮ್ಮ ಐಸಿಯುವಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಆಕೆ ಮಾತಿನಕ್ಕ. ಹಾಗಂತ ವಾಚಾಳಿ ಎಂದುಕೊಳ್ಳಬೇಡಿ. ನಮ್ಮ ಜೊತೆ ಕೂತರೆ ಗಂಟೆಗೆ ನಾಲ್ಕು ಮಾತು ಬಂದರೆ ಹೆಚ್ಚು. ಆಕೆ ಮಾತಾಡುವುದೆಲ್ಲ ತಿರುಗಿ ಮಾತಾಡಲಾರದವರ ಹತ್ತಿರ. ಪ್ರಜ್ಞೆ ತಪ್ಪಿದವರು, ಗಂಟಲಿಗೆ ಕೊಳವೆ ಇಳಿಸಿಕೊಂಡು ಮಲಗಿದವರು, ಅಂಥವರ ಮಂಚದ ಪಕ್ಕ ನಿಂತು, "ಅಣ್ಣಾ, ಈಗ ಸೂಜಿ ಚುಚ್ತೀನಿ, ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ," "ಅಜ್ಜೀ, ಮಗ್ಗುಲು ತಿರುಗಿಸ್ತೀನಿ, ಬೈಕೋಬೇಡಿ ಆಯ್ತಾ," ಎಂದು ಹೇಳಿಯೇ ಕೈ ಹಚ್ಚುವುದು. ಇಪ್ಪತ್ತಾರು ವರ್ಷದಿಂದ ಇದೇ ಕ್ರಮ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹದಿನೆಂಟು ದಿನ ಎಚ್ಚರವಿಲ್ಲದೆ ಮಲಗಿದ್ದ ಬಸ್ ಕಂಡಕ್ಟರೊಬ್ಬ ಕಣ್ಣು ಬಿಟ್ಟ ಮೇಲೆ ಆಕೆಯನ್ನು ಹತ್ತಿರ ಕರೆದು, "ನೀವೇ ತಾನೆ, ಹೇಳದೆ ಕೇಳದೆ ಚುಚ್ತಾ ಇದ್ದೋರು?" ಎಂದು ಕೇಳಿದನಂತೆ. ಆವತ್ತು ನಾಚಿಕೆಯಿಂದ ನೆಲಕ್ಕಿಳಿದು ಹೋದೆ ಎನ್ನುತ್ತಾಳೆ. ಅಲ್ಲಿಂದ ಶುರುವಾದ ಮಾತು ನಿಂತಿಲ್ಲ.

ನಾನು ಆಕೆಗಿಂತ ಒಂಬತ್ತು ವರ್ಷ ಚಿಕ್ಕವಳು. ಅದೇ ಪಾಳಿ, ಅದೇ ಹತ್ತು ಮಂಚ. ನನಗೆ ಕೋಪ ಮೂಗಿನ ತುದಿಯಲ್ಲೇ. ಆಕೆಗೆ ಎಲ್ಲಿದೆಯೋ ಹುಡುಕಬೇಕು. ಆಕೆಯ ಮನೆಯಲ್ಲಿ ಗಂಡ, ನನ್ನ ಬಾಯಲ್ಲಿ ಭಾವ, ಇದ್ದಾರೆ. ಮುದ್ರಣಾಲಯದ ಯಂತ್ರದ ಪಕ್ಕ ಮೂವತ್ತು ವರ್ಷ ನಿಂತು ಎರಡೂ ಕಿವಿ ಮಂದ. "ಮನೇಲೂ ಕೇಳೋರಿಲ್ಲ, ಇಲ್ಲೂ ಕೇಳೋರಿಲ್ಲ. ನಿನ್ನಂಥ ಪುಣ್ಯವಂತೆ ಯಾರಿದ್ದಾರಕ್ಕಾ, ಎದುರು ಮಾತೇ ಇಲ್ಲ," ಎಂದು ರೇಗಿಸುತ್ತಿದ್ದೆ. ಒಬ್ಬಳೇ ಮಗಳು, ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಅವಳು ಮನೆ ಸೇರುವ ಹೊತ್ತಿಗೆ ಗಂಟಲು ಕೂತಿರುತ್ತದೆ. ಹೀಗೆ ಮೂರು ಜನರ ಆ ಮನೆಯಲ್ಲಿ ಸಂಜೆಯೆಲ್ಲ ಕೈಸನ್ನೆಯಲ್ಲೇ ಕಳೆಯುತ್ತದೆ.

ಈಗ ಆ ದಿನದ ಮಾತಿಗೆ ಬರುತ್ತೇನೆ. ಇಬ್ಬರು ನರ್ಸುಗಳು ಕೆಲಸ ಬಿಟ್ಟಿದ್ದರು, ಹೊಸಬರು ಬಂದಿರಲಿಲ್ಲ. ನಮಗೆ ರಜೆಯಿಲ್ಲದ ಒಂಬತ್ತನೆಯ ದಿನ. ಅಕ್ಕನ ಮೊಣಕಾಲು ಊದಿತ್ತು, ಬೂಟಿನ ಲೇಸು ಸಡಿಲಿಸಿಕೊಂಡೇ ಓಡಾಡುತ್ತಿದ್ದಳು. ನನಗೆ ಯಾರು ಮಾತಾಡಿಸಿದರೂ ಕಚ್ಚಬೇಕು ಅನ್ನಿಸುತ್ತಿತ್ತು.

ಕಿಟಕಿ ಪಕ್ಕದ ನಾಲ್ಕನೆಯ ಮಂಚದಲ್ಲಿ ಗೋಡೆಗೆ ಬಣ್ಣ ಬಳಿಯುವ ಕೆಲಸದವನು. ವಯಸ್ಸು ಇಪ್ಪತ್ತಾರು. ಹಿಂದಿನ ಮಧ್ಯಾಹ್ನ ಏಣಿ ಜಾರಿ ಎರಡನೇ ಮಹಡಿಯಿಂದ ಬಿದ್ದಿದ್ದ. ಮೈಮೇಲೆ ಒಂದು ಗೀರೂ ಇಲ್ಲ. ಏಟು ಬಿದ್ದದ್ದೆಲ್ಲ ತಲೆಯ ಒಳಗೆ. ಬೆಳಿಗ್ಗೆ ಐದೂವರೆಗೆ ಡಾಕ್ಟರುಗಳು ಮೊದಲ ಪರೀಕ್ಷೆ ಮಾಡಿ, ಮೆದುಳು ಪೂರ್ತಿ ನಿಂತಿದೆ ಎಂದು ಬರೆದಿದ್ದರು. ಆರು ಗಂಟೆ ಬಿಟ್ಟು ಇನ್ನೊಮ್ಮೆ ಅದೇ ಪರೀಕ್ಷೆ ಮಾಡಿ, ಆಗಲೂ ಹಾಗೇ ಇದ್ದರೆ ಸಾವು ಎಂದು ಘೋಷಿಸುವುದು ನಿಯಮ. ನಾವು ಪಾಳಿಗೆ ಬಂದ ಹೊತ್ತಿಗೆ ಅವನ ತಾಯಿಗೆ ವಿಷಯ ತಿಳಿಸಿಯಾಗಿತ್ತು. ಆಕೆ ಟೈಲರು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಇದ್ದದ್ದು ಇವನೊಬ್ಬನೇ. ಅಳತೆ ಟೇಪು ಕೊರಳಲ್ಲಿ ನೇತಾಡುತ್ತಿದ್ದ ಹಾಗೆಯೇ ಅಂಗಡಿಯಿಂದ ಓಡಿ ಬಂದಿದ್ದವರು ಅದನ್ನು ತೆಗೆದೇ ಇರಲಿಲ್ಲ.

"ಅವನ ಅಂಗ ಬೇರೆಯವರಿಗೆ ಆಗುತ್ತೆ ಅಂದ್ರೆ ತಗೊಳ್ಳಿ," ಎಂದಿದ್ದರಂತೆ ಟೈಲರಮ್ಮ. "ಚೆನ್ನಾಗಿರೋ ಬಟ್ಟೆ ಸುಟ್ಟು ಹಾಕೋ ಜಾತಿ ನಾನಲ್ಲ." ಸಹಿ ಮಾಡುವುದು ಎರಡನೆಯ ಪರೀಕ್ಷೆಯ ನಂತರ.

ಎಂಟು ಗಂಟೆಗೆ ಅವನ ಬಿಪಿ ಕುಸಿಯತೊಡಗಿತು. ಮೂತ್ರದ ಚೀಲ ಗಂಟೆಗೆ ಎರಡು ಸಲ ತುಂಬುತ್ತಿತ್ತು, ನಲ್ಲಿ ನೀರಿನಷ್ಟು ತಿಳಿ. ಇದು ನಮಗೆ ಗೊತ್ತಿರುವ ದಾರಿ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿಯಿದೆ. ಮೂತ್ರಪಿಂಡ ಎಷ್ಟು ನೀರು ಹಿಡಿದಿಡಬೇಕು, ಥೈರಾಯ್ಡ್ ಎಷ್ಟು ದುಡಿಯಬೇಕು ಎಂದೆಲ್ಲ ಅಪ್ಪಣೆ ಹೋಗುವುದು ಅಲ್ಲಿಂದ. ಮೆದುಳು ಸತ್ತರೆ ಅದೂ ಸಾಯುತ್ತದೆ. ಅಪ್ಪಣೆ ಕೊಡುವವರಿಲ್ಲದೆ ಉಳಿದ ಅಂಗಗಳು ಒಂದೊಂದಾಗಿ ಕೆಡುತ್ತವೆ. ಅದಕ್ಕೆ ಆ ಹಾರ್ಮೋನುಗಳನ್ನು ನಾವೇ ಹೊರಗಿನಿಂದ ಕೊಡುವುದು. ಮೂತ್ರ ಹಿಡಿಯಲು, ಬಿಪಿ ಏರಿಸಲು ಹನಿಹನಿಯಾಗಿ ಔಷಧಿ ತಳ್ಳುವ ಪಂಪಿನಲ್ಲಿ ವಾಸೊಪ್ರೆಸಿನ್, ರಕ್ತನಾಳಕ್ಕೆ ಸ್ಟೀರಾಯ್ಡ್, ಸಕ್ಕರೆಗೆ ಇನ್ಸುಲಿನ್, ಮೂಗಿನ ಕೊಳವೆಯಲ್ಲಿ ಅರೆದ ಥೈರಾಯ್ಡ್ ಮಾತ್ರೆ. ಥೈರಾಯ್ಡ್ ಮಾತ್ರೆಯಿಂದ ಹೃದಯಕ್ಕೆ ನಿಜವಾಗಿ ಎಷ್ಟು ಉಪಯೋಗ ಎಂಬ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಆದರೆ ಬಿಪಿ ಬೀಳುತ್ತಿರುವಾಗ ವಾದ ಮಾಡುತ್ತ ಕೂರುವುದಕ್ಕಾಗುತ್ತದೆಯೇ?

ಅಕ್ಕ ಅವನ ತಲೆದೆಸೆಯಲ್ಲಿ ನಿಂತಳು. "ತಮ್ಮಾ, ಮೂಗಿನ ನಳಿಕೆಯಲ್ಲಿ ಔಷಧಿ ಹಾಕ್ತಿದ್ದೀನಿ, ತಣ್ಣಗಿರುತ್ತೆ."

"ಅಕ್ಕಾ, ಅವನು ಹೋಗಿಬಿಟ್ಟಿದ್ದಾನೆ. ಇನ್ನು ಯಾರಿಗೆ ಹೇಳ್ತಿದ್ದೀಯ?" ಎಂದೆ.

"ಬಾಯಿ ತಾನಾಗೇ ಆಡುತ್ತೆ ಕಣೇ. ನಿಲ್ಲಿಸಿದ್ರೆ ಕೈ ನಡುಗುತ್ತೆ."

ನನಗೆ ರೇಗಿತು. ಆದರೆ ಮೂರನೇ ಮಂಚದವರ ಪಂಪು ಕೂಗಿಕೊಂಡಿತು, ಓಡಿದೆ.

ಎರಡು ಗಂಟೆಯಲ್ಲಿ ಔಷಧಿ ಹಿಡಿಯಿತು. ಬಿಪಿ ಏರಿತು, ಮೂತ್ರ ಹತೋಟಿಗೆ ಬಂತು. ಹತ್ತು ಗಂಟೆಗೆ ಅಕ್ಕ ಮಾನಿಟರಿನ ಕಡೆ ನೋಡಿದಳು. ಬೆನ್ನು ನೆಟ್ಟಗೆ ಮಾಡಿ ಉಸ್ಸೆಂದು, ಅವನ ಭುಜ ತಟ್ಟಿ, "ಭೇಷ್ ಕಣಪ್ಪಾ! ಚೇತರಿಸ್ಕೊಂಡುಬಿಟ್ಟೆಯಲ್ಲ," ಎಂದಳು.

ಪರದೆಯ ಆಚೆ ಟೈಲರಮ್ಮ ನಿಂತಿದ್ದರು.

ಅಕ್ಕನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗಂಟೆಗೊಮ್ಮೆ ಮಗನನ್ನು ನೋಡಲು ಬಿಡುತ್ತಿದ್ದೆವು. ಬಂದಾಗಲೆಲ್ಲ ಆಕೆ ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿ ಮಾನಿಟರಿನ ಅಂಕೆ ಬರೆದುಕೊಳ್ಳುತ್ತಿದ್ದರು. ನಲವತ್ತು ವರ್ಷ ಅಂಕೆ ನಂಬಿ ಬದುಕಿದ ಹೆಂಗಸು. ಇನ್ನೇನು ಮಾಡಿಯಾರು?

ಹತ್ತೇ ನಿಮಿಷ. ಟೈಲರಮ್ಮ ನಮ್ಮ ಮೇಜಿನ ಮುಂದೆ ಬಂದು ನಿಂತರು. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು.

"ನಾನು ಕೊಟ್ಟ ಮಾತು ವಾಪಸ್ ತಗೊಂಡಿದ್ದೀನಿ. ನನ್ನ ಮಗನ್ನ ಯಾರೂ ಮುಟ್ಟಬೇಡಿ. ಅವನು ಬದುಕ್ತಿದ್ದಾನೆ."

"ಯಾರು ಹೇಳಿದ್ದು ನಿಮಗೆ?" ಎಂದರು ಮೇಜಿನಲ್ಲಿ ಬರೆಯುತ್ತ ಕೂತಿದ್ದ ಡಾಕ್ಟರು.

"ಆ ಸಿಸ್ಟರೇ ಹೇಳಿದ್ರು. ಚೇತರಿಸ್ಕೊಂಡ ಅಂತ ನನ್ನ ಕಿವಿಯಾರೆ ಕೇಳಿದ್ದೀನಿ." ಇಷ್ಟು ಹೇಳಿ ವರಾಂಡಕ್ಕೆ ಹೋಗಿ ಕೂತರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾಕ್ಟರು ಅಕ್ಕನತ್ತ ತಿರುಗಿದರು. ಅವರೂ ರಾತ್ರಿಯೆಲ್ಲ ನಿದ್ದೆಗೆಟ್ಟವರೇ. "ಇಪ್ಪತ್ತಾರು ವರ್ಷದ ಸರ್ವಿಸ್ ನಿಮ್ಮದು! ಆ ತಾಯಿಗೆ ಮಗ ಎರಡನೇ ಸಲ ಸಾಯ್ಬೇಕೀಗ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?"

"ನಾನೇ ಹೋಗ್ತೀನಿ ಸರ್. ಬಾಯಿ ನನ್ನದು."

"ಒಪ್ಪಿಸೋಕೆ ಮಾತ್ರ ಹೋಗ್ಬೇಡಿ. ಕೊಡೋದು ಬಿಡೋದು ಅವರಿಷ್ಟ."

"ಒಪ್ಪಿಸೋಕಲ್ಲ ಸರ್. ಆಡಿದ ಸುಳ್ಳನ್ನ ವಾಪಸ್ ತಗೊಳ್ಳೋಕೆ."

ಇಷ್ಟು ವರ್ಷದಲ್ಲಿ ಅಕ್ಕನ ಮುಖ ಅಷ್ಟು ಬಿಳಿಚಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಎಷ್ಟು ಸಲ ಹೇಳಿದ್ದೆ, ಎಷ್ಟು ಸಲ ಬೈದಿದ್ದೆ! ಈಗ "ಹೇಳಿರ್ಲಿಲ್ವಾ?" ಎಂದು ಕೇಳುವ ಮನಸ್ಸಾಗಲಿಲ್ಲ. ಎರಡು ಲೋಟ ನೀರು ಹಿಡಿದು ಹಿಂದೆಯೇ ಹೋದೆ.

ವರಾಂಡದ ಕೊನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಅಕ್ಕ ಮೊಣಕಾಲು ಹಿಡಿದುಕೊಂಡು ಟೈಲರಮ್ಮನ ಪಕ್ಕ ಕೂತಳು.

"ಅಮ್ಮಾ, ನಾನು ತಪ್ಪು ಮಾತಾಡಿಬಿಟ್ಟೆ. ಅದು ನನ್ನ ನಾಲಿಗೆ ಅಭ್ಯಾಸ. ನಿಮ್ಮ ಮಗ ಚೇತರಿಸ್ಕೊಂಡಿಲ್ಲ."

"ಬಟ್ಟೆ ಮೋಸ ಮಾಡ್ಬಹುದು, ಅಳತೆ ಮಾಡಲ್ಲ." ಟೈಲರಮ್ಮ ಪುಸ್ತಕ ಬಿಚ್ಚಿ ಬೆರಳಿಟ್ಟರು. "ಎಂಟಕ್ಕೆ ಅರವತ್ತೆಂಟು. ಒಂಬತ್ತಕ್ಕೆ ಎಂಬತ್ನಾಲ್ಕು. ಹತ್ತಕ್ಕೆ ನೂರಾ ಹನ್ನೆರಡು. ಇದೂ ನಿಮ್ಮ ನಾಲಿಗೆ ಅಭ್ಯಾಸಾನಾ?"

"ಅಂಕೆ ನಿಜಾನೇ ಅಮ್ಮ. ಆದ್ರೆ ಅದು ಅವನದ್ದಲ್ಲ, ನಾವು ಹಾಕಿರೋ ಔಷಧಿದು. ಮೆದುಳು ಮಾಡ್ತಿದ್ದ ಕೆಲಸಾನ ಹೊರಗಿಂದ ಮಾಡಿಸ್ತಿದ್ದೀವಿ. ಅವನ ಅಂಗಗಳು ಕೆಡದೆ ಇರಲಿ ಅಂತ." ಅಕ್ಕ ತನ್ನ ಕತ್ತು ಮುಟ್ಟಿ ತೋರಿಸಿದಳು. "ನನ್ನ ಥೈರಾಯ್ಡ್ ಸೋಮಾರಿ. ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಮಾತ್ರೆ ನುಂಗ್ತೀನಿ. ಅದೇ ಮಾತ್ರೆನೇ ಅವನಿಗೂ ಅರೆದು ಹಾಕಿದ್ದು. ಅದು ಜೀವ ಕೊಡೋ ಔಷಧಿ ಅಲ್ಲಮ್ಮ."

"ನೀವು ಹದಿನೈದು ವರ್ಷದಿಂದ ಮಾತ್ರೆ ತಗೊಂಡು ಓಡಾಡ್ಕೊಂಡಿದ್ದೀರಲ್ಲ," ಎಂದರು ಟೈಲರಮ್ಮ. "ಅವನಿಗೂ ಕೊಡ್ತಾ ಇರಿ. ಹದಿನೈದು ವರ್ಷ ನಾನು ನೋಡ್ಕೋತೀನಿ. ಸ್ನಾನ ಮಾಡಿಸ್ತೀನಿ, ಮಗ್ಗುಲು ತಿರುಗಿಸ್ತೀನಿ. ಚಿಕ್ಕೋನಿದ್ದಾಗ ಮಾಡಿಲ್ವಾ?"

ನಾನು ನೀರಿನ ಲೋಟಗಳನ್ನು ಪಕ್ಕದ ಕುರ್ಚಿಯ ಮೇಲಿಟ್ಟೆ. ಸುಳ್ಳನ್ನು ಅಳಿಸಲು ಹೋಗಿ ಇನ್ನೊಂದು ಆಸೆಗೆ ನೀರೆರೆದ ಹಾಗಾಗಿತ್ತು.

"ಮಾತಲ್ಲಿ ಹೇಳೋಕೆ ನನ್ನ ಕೈಲಾಗ್ತಿಲ್ಲ ಅಮ್ಮ," ಎಂದಳು ಅಕ್ಕ ಕೊನೆಗೆ. "ಹನ್ನೊಂದೂವರೆಗೆ ಎರಡನೇ ಪರೀಕ್ಷೆ ಇದೆ. ಯಂತ್ರ ಬಿಡಿಸಿ, ಅವನಾಗೇ ಉಸಿರು ತಗೋತಾನಾ ಅಂತ ನೋಡ್ತಾರೆ. ನೀವೂ ಬನ್ನಿ. ನಿಮ್ಮ ಕಣ್ಣಲ್ಲೇ ನೋಡಿ. ಒಂದೇ ಒಂದು ಉಸಿರು ತಗೊಂಡ್ರೂ ನಾನೇ ಎಲ್ಲರನ್ನೂ ಆಚೆ ಕಳಿಸ್ತೀನಿ."

ಡಾಕ್ಟರು ಮೊದಲು ಬೇಡವೆಂದರು. ತಾಯಂದಿರು ಅದನ್ನು ನೋಡುವಂಥದ್ದಲ್ಲ ಎಂದರು. "ನೋಡದೆ ಇದ್ರೆ ಜೀವನಪೂರ್ತಿ ಅನುಮಾನ ಪಡ್ತಾರೆ ಸರ್. ಅದು ನನ್ನಿಂದ ಆಗಿರೋದು," ಎಂದಳು ಅಕ್ಕ. ಡಾಕ್ಟರು ಕಣ್ಣುಜ್ಜಿಕೊಂಡು ಸರಿ ಎಂದರು.

ಹನ್ನೊಂದೂವರೆಗೆ ಪರದೆ ಎಳೆದೆವು. ಇಬ್ಬರು ಡಾಕ್ಟರುಗಳು, ಅಕ್ಕ, ನಾನು, ಟೈಲರಮ್ಮ. ಕಣ್ಣಿಗೆ ಬೆಳಕು ಬಿಟ್ಟರು, ಕಿವಿಗೆ ತಣ್ಣೀರು ಹಾಕಿದರು, ಗಂಟಲು ಕೆರಳಿಸಿದರು. ಯಾವುದಕ್ಕೂ ಅವನಿಂದ ಉತ್ತರವಿಲ್ಲ. ಕೊನೆಗೆ ಉಸಿರಿನ ಪರೀಕ್ಷೆ. ವೆಂಟಿಲೇಟರಿನ ಕೊಳವೆ ಬಿಡಿಸಿ, ತೆಳ್ಳಗಿನ ನಳಿಕೆಯಲ್ಲಿ ಆಮ್ಲಜನಕ ಮಾತ್ರ ಬಿಟ್ಟು ಹತ್ತು ನಿಮಿಷ ಎದೆಯನ್ನೇ ನೋಡುತ್ತ ನಿಲ್ಲಬೇಕು. ಬಿಪಿ ಗಟ್ಟಿಯಿಲ್ಲದಿದ್ದರೆ ಈ ಪರೀಕ್ಷೆ ಮಾಡಲು ಬರುವುದಿಲ್ಲ. ಬೆಳಿಗ್ಗೆಯಿಂದ ಹಾಕಿದ ಹಾರ್ಮೋನಿಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

"ನಿಲ್ಲಿ," ಎಂದರು ಟೈಲರಮ್ಮ.

ಕೊರಳಿನ ಟೇಪು ತೆಗೆದು ಮಗನ ಬೆನ್ನಿನ ಕೆಳಗೆ ತೂರಿಸತೊಡಗಿದರು. ಅಕ್ಕ ಏನೂ ಕೇಳದೆ ಅವನನ್ನು ಒಂದಿಷ್ಟು ಎತ್ತಿ ಹಿಡಿದಳು. ಟೇಪಿನ ಎರಡು ತುದಿ ಎದೆಯ ಮೇಲೆ ಸೇರಿದವು. ಟೈಲರಮ್ಮ ಕನ್ನಡಕ ಸರಿಮಾಡಿಕೊಂಡು, ಎಡಗೈ ಅವನ ಎದೆಗೆ ಒತ್ತಿ, ಟೇಪನ್ನು ಎರಡು ಬೆರಳಲ್ಲಿ ಹಿಡಿದರು.

"ಮೂವತ್ತೈದೂವರೆ," ಎಂದರು. "ಉಸಿರೆಳೆದ್ರೆ ಒಂದೂವರೆ ಇಂಚು ಹೆಚ್ಚಾಗುತ್ತೆ. ಅಂಗಿ ಹೊಲಿಯುವಾಗ ಅದಕ್ಕೇ ಅಂತ ಬಿಡ್ತೀವಿ. ಹೂಂ, ತೆಗೀರಿ."

ಡಾಕ್ಟರು ಕೊಳವೆ ಬಿಡಿಸಿದರು. ಬೆಳಿಗ್ಗೆಯಿಂದ ಪುಸ್ ಪುಸ್ ಎನ್ನುತ್ತಿದ್ದ ಯಂತ್ರ ನಿಂತು ಕೋಣೆ ಭಣಭಣ ಎನ್ನತೊಡಗಿತು. ಗೋಡೆ ಗಡಿಯಾರದಲ್ಲಿ ಹನ್ನೊಂದು ಮೂವತ್ತೆಂಟು.

ಎರಡು ನಿಮಿಷ. ಮೂರು. ಟೈಲರಮ್ಮ ತಲೆಯೆತ್ತಿ, "ಬಡೀತಿದೆ!" ಎಂದರು. "ಕೈಗೆ ಸಿಗ್ತಿದೆ, ಬಡೀತಿದೆ."

"ಅದು ಹೃದಯ ಅಮ್ಮ. ಅದು ಇನ್ನೂ ಬಡೀತಿರುತ್ತೆ. ಔಷಧಿ ಅದನ್ನ ಹಿಡಿದಿಟ್ಟಿದೆ," ಎಂದರು ಡಾಕ್ಟರು ಮೆಲ್ಲಗೆ. "ನೀವು ಟೇಪ್ ನೋಡಿ."

ನೋಡಿದರು. ಐದು ನಿಮಿಷ. ಏಳು. ಆಕೆಯ ತುಟಿ ಮಾತ್ರ ಅಲುಗುತ್ತಿತ್ತು, "ಎಳ್ಕೋ ಮರಿ. ಒಂದ್ಸಲ ಎಳ್ಕೋ. ಅರ್ಧ ಇಂಚು ಸಾಕು." ನಾನು ಗಡಿಯಾರದ ಕಡೆ ತಿರುಗಿಬಿಟ್ಟೆ. ನಿಜ ಹೇಳುತ್ತೇನೆ, ನಾನೂ ಆಗ, ಎಲ್ಲ ಗೊತ್ತಿದ್ದೂ, ಎಳ್ಕೊಳ್ಳೋ ಮಾರಾಯಾ ಎಂದು ಒಳಗೊಳಗೇ ಬೇಡಿಕೊಂಡೆ. ಅಕ್ಕ ಮಂಚದ ಕಂಬಿ ಹಿಡಿದು ನಿಂತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ರೋಗಿಯ ಪಕ್ಕ ನಿಂತು ಬಾಯಿ ಮುಚ್ಚಿಕೊಂಡಿದ್ದಳು. ಕೈ ನಡುಗುತ್ತಿತ್ತು.

ಹತ್ತು ನಿಮಿಷ ಮುಗಿಯಿತು. ಉಸಿರಿಲ್ಲದೆ ಇಂಗಾಲದ ಡೈಆಕ್ಸೈಡ್ ಎಷ್ಟೇರಿದೆ ಎಂದು ನೋಡಲು ರಕ್ತ ತೆಗೆದು ಪಕ್ಕದ ಯಂತ್ರಕ್ಕೆ ಹಾಕಿದರು. ಎರಡು ನಿಮಿಷದಲ್ಲಿ ಚೀಟಿ ಬಂತು. ಟೈಲರಮ್ಮ ಅಷ್ಟು ಹೊತ್ತೂ ಎದೆಯ ಮೇಲಿನ ಕೈ ತೆಗೆದಿರಲಿಲ್ಲ. ಡಾಕ್ಟರು ಗಡಿಯಾರ ನೋಡಿ, "ಹನ್ನೊಂದು ಐವತ್ತು," ಎಂದು ಬರೆದರು.

"ಮೂವತ್ತೈದೂವರೆನೇ," ಎಂದರು ಟೈಲರಮ್ಮ. ಡಾಕ್ಟರು ವೆಂಟಿಲೇಟರಿನ ಕೊಳವೆ ಮತ್ತೆ ಸೇರಿಸುವಷ್ಟರಲ್ಲಿ ಟೇಪನ್ನು ಎಳೆದುಕೊಂಡು ಬೆರಳಿಗೆ ಸುತ್ತುತ್ತ ಹೋದರು. ಪೂರ್ತಿ ಸುತ್ತಿದ ಮೇಲೆ, "ಕಾಗದ ಎಲ್ಲಿದೆ, ಕೊಡಿ," ಎಂದರು. ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಡಾಕ್ಟರು, "ಅವಸರ ಇಲ್ಲಮ್ಮ, ಯೋಚನೆ ಮಾಡಿ," ಎಂದದ್ದಕ್ಕೆ, "ಅಳೆದೂ ಸುರಿದೂ ಆಯ್ತಲ್ಲಪ್ಪ. ಇನ್ನೇನು ಯೋಚನೆ? ಆ ಔಷಧಿ ಮಾತ್ರ ನಿಲ್ಲಿಸ್ಬೇಡಿ. ಕೊಡೋದನ್ನ ಚೆನ್ನಾಗಿರೋದೇ ಕೊಡ್ಬೇಕು," ಎಂದರು.

ಆಮೇಲಿನದು ಬರೀ ದುಡಿಮೆ. ಎರಡು ಗಂಟೆಗೆ ನಮ್ಮ ಪಾಳಿ ಮುಗಿಯಿತು. ಅಕ್ಕ ಹೋಗಲಿಲ್ಲ. ಅಕ್ಕ ಹೋಗದಿದ್ದರೆ ನಾನು ಹೇಗೆ ಹೋಗಲಿ? ಬೈಯುತ್ತಲೇ ಉಳಿದೆ. ಗಂಟೆಗೊಮ್ಮೆ ಸಕ್ಕರೆ, ಮೂತ್ರದ ಅಳತೆ, ರಕ್ತದ ಉಪ್ಪಿನಂಶ. ಒಂದು ಏರಿದರೆ ಇನ್ನೊಂದು ಇಳಿಯುತ್ತಿತ್ತು. ಮೂರು ಗಂಟೆಗೆ ಮತ್ತೆ ಬಿಪಿ ಜಾರಿತು. ಪಂಪಿನ ವೇಗ ಹೆಚ್ಚಿಸಿ, ಮತ್ತೆ ಇಳಿಸಿ, ಸಾಕು ಸಾಕಾಗಿ ಹೋಯಿತು. ಜೀವವಿಲ್ಲದವನಿಗೆ ಜೀವವಿದ್ದವರಿಗಿಂತ ಹೆಚ್ಚು ಆರೈಕೆ ಬೇಕು, ಇದನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಅಕ್ಕನ ಬಾಯಲ್ಲಿ ಒಂದು ಮಾತಿಲ್ಲ. ಮಧ್ಯಾಹ್ನ ಭಾವ ಫೋನ್ ಮಾಡಿದರು. ಅವರಿಗೆ ಸರಿಯಾಗಿ ಕೇಳುವುದಿಲ್ಲ ಎಂಬುದನ್ನೂ ಮರೆತು ಅಕ್ಕ, "ಬರೋದು ತಡ," ಎಂದು ಪಿಸುಗುಟ್ಟಿ ಇಟ್ಟಳು. ನಾನೇ ಮಗಳಿಗೆ ಮೆಸೇಜು ಹಾಕಿದೆ.

ನಾಲ್ಕಕ್ಕೆ ಬೇರೆ ಆಸ್ಪತ್ರೆಯ ತಂಡ ಬಂತು. ಹೃದಯದ ಸ್ಕ್ಯಾನ್ ನೋಡಿ ತಲೆದೂಗಿದರು. ಹೃದಯ, ಯಕೃತ್ತು, ಎರಡು ಮೂತ್ರಪಿಂಡ, ನಾಲ್ಕೂ ಆಗುತ್ತವೆ ಎಂದರು. ಆಪರೇಷನ್ ಕೋಣೆಯ ಬಾಗಿಲ ತನಕ ಟೈಲರಮ್ಮ ಮಂಚದ ಜೊತೆ ನಡೆದರು. ಪಂಪುಗಳ ಕಂಬವನ್ನು ಅಕ್ಕ ತಳ್ಳಿದಳು.

ಏಳಕ್ಕೆ ಎಲ್ಲ ಮುಗಿದು ಅವನು ವಾಪಸ್ ಬಂದ. ಯಂತ್ರವಿಲ್ಲ, ಕೊಳವೆಯಿಲ್ಲ. ಅಕ್ಕ, ನಾನು, ಟೈಲರಮ್ಮ ಮೂವರೂ ಸೇರಿ ಮೈ ಒರೆಸಿದೆವು. ಉಗುರಿನ ಸಂದಿಯ ಬಿಳಿ ಬಣ್ಣ ಹೋಗಲಿಲ್ಲ. "ಇರ್ಲಿ ಬಿಡಿ," ಎಂದರು ಟೈಲರಮ್ಮ.

ಶವ ಸಾಗಿಸುವ ಗಾಡಿ ಬರುವ ತನಕ ಆಕೆ ಮರಣದ ಕಾಗದ ಓದುತ್ತ ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಓದಿದ್ದನ್ನೇ ಮತ್ತೆ ಓದಿ, ಅಕ್ಕನನ್ನು ಕರೆದರು.

"ಸಿಸ್ಟರ್, ಇಲ್ಲಿ ಹೊತ್ತು ಹನ್ನೊಂದು ಐವತ್ತು ಅಂತಿದೆ. ಅವನು ಹೋಗಿದ್ದು ಸಾಯಂಕಾಲ ಅಲ್ವಾ?"

"ಇಲ್ಲಮ್ಮ. ಎರಡನೇ ಪರೀಕ್ಷೆ ಮುಗಿದ ಹೊತ್ತೇ ಕಾಗದದಲ್ಲಿ ಬರೋದು."

ಟೈಲರಮ್ಮ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡರು. "ನಿನ್ನೆ ಅವನು ಬಿದ್ದಾಗ ನಾನು ಮೆಷಿನ್ ತುಳೀತಿದ್ದೆ. ಏಳು ಸಲ ಫೋನ್ ಬಂದಿದೆ. ಸದ್ದಲ್ಲಿ ಕೇಳಿಸ್ಲೇ ಇಲ್ಲ. ಬೀದೀಲಿ ಒಬ್ಬನೇ ಬಿದ್ದಿದ್ದ ಅಂತ ನಿನ್ನೆಯಿಂದ ಹೊಟ್ಟೆ ಉರೀತಿತ್ತು." ಕಾಗದದ ಮೇಲೆ ಬೆರಳಿಟ್ಟರು. "ಹನ್ನೊಂದು ಐವತ್ತಕ್ಕೆ ನನ್ನ ಕೈ ಅವನ ಎದೆ ಮೇಲಿತ್ತು. ಅಲ್ವಾ? ಅವನು ಹೋಗುವಾಗ ನಾನು ಪಕ್ಕದಲ್ಲೇ ಇದ್ದೆ."

ಅಕ್ಕ ನನ್ನ ಮುಖ ನೋಡಿದಳು. ಅವನು ಹೋದದ್ದು ಯಾವಾಗ ಎಂದು ನಮ್ಮಿಬ್ಬರಿಗೂ ಗೊತ್ತು. ಬೆಳಿಗ್ಗೆ ಐದೂವರೆಗೆ ಮುಂಚೆಯೇ. ಬಹುಶಃ ಆ ಬೀದಿಯಲ್ಲೇ. ಮತ್ತೆ ಒಂದು ಮಾತು ಹೆಚ್ಚು ಆಡಬಾರದು ಎಂದು ಅಕ್ಕ ಹಗಲೆಲ್ಲ ಹಲ್ಲು ಕಚ್ಚಿಕೊಂಡಿದ್ದಳು.

"ಹೌದಮ್ಮ," ಎಂದಳು ಅಕ್ಕ. "ನೀವಿದ್ರಿ. ಕೊನೇವರೆಗೂ ಕೈ ತೆಗೀಲಿಲ್ಲ."

ಟೈಲರಮ್ಮ ತಲೆಯಾಡಿಸಿದರು. ಅಷ್ಟರಲ್ಲಿ ಗಾಡಿ ಬಂತೆಂದು ಮಗನನ್ನು ಹೊರಗೆ ತಂದರು. ಕಾಗದ ನಾಲ್ಕು ಮಡಿಕೆ ಮಾಡಿ ರವಿಕೆಯೊಳಗಿಟ್ಟುಕೊಂಡು, ಅಕ್ಕನ ಕೈ ಒಮ್ಮೆ ಹಿಡಿದು ಬಿಟ್ಟು, ಮಗನ ಹಿಂದೆ ಲಿಫ್ಟಿಗೆ ಹೋದರು. ಬಾಗಿಲು ಮುಚ್ಚಿತು.

ಅಕ್ಕ ಅದೇ ಬೆಂಚಿನಲ್ಲಿ ಕುಸಿದಳು. "ಇದೂ ಸುಳ್ಳಾಯ್ತೇನೇ?"

"ಕಾಗದದಲ್ಲೇ ಇದೆಯಲ್ಲಕ್ಕಾ."

"ಕಾಗದ ಹಾಳಾಗಿ ಹೋಗ್ಲಿ. ನಿನ್ನ ಕೇಳ್ತಿದ್ದೀನಿ."

ಬೈಯುವುದು ನನಗೆ ಸಲೀಸು, ಸಮಾಧಾನ ಹೇಳುವುದು ಬರುವುದಿಲ್ಲ. ಆಕೆಯ ಪಕ್ಕ ಕೂತೆ. ಆ ಟೇಪು, ಆ ಎರಡು ಬೆರಳು, ಅರ್ಧ ಇಂಚು ಸಾಕು ಎಂದು ಬೇಡಿಕೊಂಡದ್ದು ಎಲ್ಲ ಕಣ್ಣ ಮುಂದೆ ಬಂತು.

"ಇಲ್ಲಕ್ಕಾ," ಎಂದೆ. "ಆ ತಾಯಿ ಪಾಲಿಗೆ ಅವನು ಹೋಗಿದ್ದು ಆವಾಗ್ಲೇ."

ಅಕ್ಕ ಸೆರಗಿಲ್ಲದ ಯೂನಿಫಾರಮ್ಮಿನ ತೋಳಿಗೆ ಮುಖ ಒತ್ತಿಕೊಂಡು ಅತ್ತಳು. ನಾನೂ ಅತ್ತೆ.